ನಕ್ಷತ್ರಿಕನಿಗೆ ಬೈಗುಳ, ವಿಶ್ವಾಮಿತ್ರರಿಗೆ ನಮಸ್ಕಾರ

(ಬಳ್ಳಾರಿಯಲ್ಲಿ ಗೆಳೆಯರ ಬಳಗವೊಂದು ನಡೆಸುವ ತಿಂಗಳ ಮಾತುಕತೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಕತ್ತರಿಸಿದ್ದೇನೆ, ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಣಕ್ಕಾಗಿ ಕ್ರೂರ ಕೆಲಸ, ಹೊಲಸು ಕೆಲಸ ಮಾಡುವವರಿಗೆ ನಮ್ಮ ಜನ ಏನೇನು ಹೆಸರಿಟ್ಟಿದ್ದಾರೆ ಅನ್ನೋದರ ಬಗ್ಗೆ ಮಾತಾಡಿ ಅಂದಿದ್ದೀರಿ. ವಕೀಲನಾದ ನನಗೆ ಈ ಮಾತುಗಳು ದಿನಾ ಕಿವಿಗೆ ಬೀಳುತ್ತವೆ. ಸುಪಾರಿ, ರೌಡಿ, ಚೇಲಾ, ದಾದಾ ಅಂತ ನೀವೂ ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿರಬಹುದು. ಅಲ್ಲಿಗೂ ಬರೋಣ. ಅದಕ್ಕೆ ಮೊದಲು ನಮ್ಮ ಕಡೆಯ ಒಬ್ಬ ಹಳೇ ವಸೂಲಿಗಾರನನ್ನು ನೋಡೋಣ. ಅವನೇ ನಕ್ಷತ್ರಿಕ.

ಕಥೆ ನಡೆಯುವುದು ಅಯೋಧ್ಯೆಯಲ್ಲಿ, ಕಾಶಿಯಲ್ಲಿ. ಆದರೆ ಹರಿಶ್ಚಂದ್ರನ ಕಥೆಯನ್ನು ಕನ್ನಡದಲ್ಲಿ ಕಾವ್ಯ ಮಾಡಿದ ರಾಘವಾಂಕ ಹಂಪಿಯವನು. 2021ರಲ್ಲಿ ಜಿಲ್ಲೆ ಒಡೆದು ಹಂಪಿ ವಿಜಯನಗರದ ಪಾಲಾಯಿತು, ಸರಿ. ಹಾಗಂತ ಬಳ್ಳಾರಿಯವರು ರಾಘವಾಂಕನನ್ನು ಬಿಟ್ಟುಕೊಡೋದಕ್ಕೆ ಆಗುತ್ತಾ? ಹರಿಶ್ಚಂದ್ರ ರಾಜ್ಯವನ್ನೇ ಕೊಟ್ಟಮೇಲೂ ವಿಶ್ವಾಮಿತ್ರರ ಸಾಲ ಉಳಿಯುತ್ತದೆ. ಗಡುವು ಬೀಳುತ್ತದೆ. ಹಣ ವಸೂಲಿ ಮಾಡಿಕೊಂಡು ಬರಲಿ ಅಂತ ಋಷಿಗಳು ನಕ್ಷತ್ರಿಕನನ್ನು ಜೊತೆಗೆ ಕಳಿಸುತ್ತಾರೆ. ಅವನು ದಾರಿಯುದ್ದಕ್ಕೂ ಕಾಟ ಕೊಡುತ್ತಾನೆ. ಗಂಡ, ಹೆಂಡತಿ, ಮಗು ಕಾಡು ಸುತ್ತಿ ಸುಸ್ತಾಗಿ ಬಂದಿದ್ದರೂ ಬಿಡುವುದಿಲ್ಲ. ಅಲ್ಲಿಂದ ಮುಂದೆ ಸಾಲ ಕೊಟ್ಟವನ ಪರವಾಗಿ ಬೆನ್ನು ಬಿಡದೆ ಪೀಡಿಸುವ ಆಳಿಗೆಲ್ಲ ಅದೇ ಹೆಸರು ನಿಂತಿತು. 'ನಕ್ಷತ್ರಿಕನ ಹಾಗೆ ಬೆನ್ನು ಹತ್ತಿದಾನೆ' ಅಂತ ಈಗಲೂ ಅನ್ನುತ್ತೇವೆ. ನಮ್ಮೂರಿನ ತೆಲುಗು ಮನೆಗಳಲ್ಲೂ ಇದೇ ಬೈಗುಳ ಇದೆ.

ಬಳ್ಳಾರಿ ನಾಟಕದ ಊರು. ಬಳ್ಳಾರಿ ರಾಘವರು ಹರಿಶ್ಚಂದ್ರನ ಪಾತ್ರ ಮಾಡಿ ಹೆಸರಾದವರು. ಸುತ್ತಲಿನ ಹಳ್ಳಿಗಳಲ್ಲೂ ಸತ್ಯ ಹರಿಶ್ಚಂದ್ರ ಆಡಿದ್ದೇ ಆಡಿದ್ದು. ಆಟ ನೋಡಿದವರಿಗೆ ಗೊತ್ತು. ನಕ್ಷತ್ರಿಕನ ಪಾತ್ರಕ್ಕೆ ನಗಿಸುವವನನ್ನೇ ಹಾಕುತ್ತಾರೆ. ಅವನು ಬಂದರೆ ಜನ ಕೂಗುತ್ತಾರೆ, ಸಿಳ್ಳೆ ಹಾಕುತ್ತಾರೆ, ಬಾಯಿಗೆ ಬಂದಂತೆ ಬಯ್ಯುತ್ತಾರೆ. ವಿಶ್ವಾಮಿತ್ರರು ಬಂದರೆ? ಎಲ್ಲರೂ ಗಪ್‌ಚುಪ್. ಯಾಕಂದರೆ ಅವರು ಮಹರ್ಷಿಗಳು, ರಾಮನ ಗುರುಗಳು. ಆದರೆ ಸಾಲ ಯಾರದು? ಗಡುವು ಕೊಟ್ಟವರು ಯಾರು? ನಕ್ಷತ್ರಿಕನನ್ನು ಕಳಿಸಿದವರು ಯಾರು? 'ವಿಶ್ವಾಮಿತ್ರನ ಕಾಟ' ಅಂತ ಒಬ್ಬರಾದರೂ ಅಂದಿದ್ದು ಕೇಳಿದ್ದೀರಾ?

ಇವತ್ತು ನಾನು ಹೇಳಬೇಕಾದ್ದು ಇದೇ. ಕೆಟ್ಟ ಕೆಲಸ ಮಾಡಿದ ಕೈಗೆ ನಮ್ಮ ಆಡುಮಾತಿನಲ್ಲಿ ಹತ್ತಾರು ಹೆಸರುಗಳಿವೆ. ಮಾಡಿಸಿದವನಿಗೆ ಹೆಸರಿಲ್ಲ. ಇದ್ದರೂ ಅದು ಮರ್ಯಾದೆಯ ಹೆಸರು. ಧಣಿ, ಸಾವ್ಕಾರ, ಗೌಡ್ರು, ಅಣ್ಣ.

ಅದೇ ಕಾವ್ಯದಲ್ಲಿ ಇನ್ನೂ ಮುಂದೆ ಹೋಗಿ. ಹರಿಶ್ಚಂದ್ರ ಸುಡುಗಾಡು ಕಾಯುವ ಕೆಲಸಕ್ಕೆ ಬೀಳುತ್ತಾನೆ. ಅವನ ಹೆಂಡತಿ ಚಂದ್ರಮತಿಯ ಮೇಲೆಯೇ ಕೊಲೆಯ ಆರೋಪ ಬರುತ್ತದೆ. ತಲೆ ಕಡಿಯಿರಿ ಅಂತ ಕಾಶಿಯ ರಾಜನ ಆಜ್ಞೆ. ಅದು ಹರಿಶ್ಚಂದ್ರನನ್ನು ಕೊಂಡ ಸುಡುಗಾಡಿನ ಒಡೆಯ ವೀರಬಾಹುಕನಿಗೆ ಬರುತ್ತದೆ. ವೀರಬಾಹುಕ ತನ್ನ ಆಳಿಗೆ ಹೇಳುತ್ತಾನೆ. ಆಳು ಹರಿಶ್ಚಂದ್ರ. ಒಂದು ಕತ್ತಿ, ಅದರ ಹಿಂದೆ ಇಷ್ಟು ಜನ, ಎಲ್ಲರ ಹಿಂದೆ ಆ ಋಷಿ. ಇವತ್ತಿನ ಭಾಷೆಯಲ್ಲಿ ಮೇನ್ ಕಾಂಟ್ರಾಕ್ಟು, ಸಬ್ ಕಾಂಟ್ರಾಕ್ಟು, ಲೇಬರ್ ಕಾಂಟ್ರಾಕ್ಟು. ರಾಘವಾಂಕನಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ಅನುಮಾನ.

ಈಗ ಕೋರ್ಟಿಗೆ ಬನ್ನಿ. ಪೊಲೀಸರ ದೋಷಾರೋಪ ಪಟ್ಟಿಯನ್ನು ಹತ್ತಿರದಿಂದ ನೋಡಿದವರು ಇಲ್ಲಿ ಕಮ್ಮಿ ಇರಬಹುದು, ಇರಲಿ ಅಂತಲೇ ನನ್ನ ಆಸೆ. ಅದರಲ್ಲಿ ಆರೋಪಿಗಳಿಗೆ ಎ1, ಎ2, ಎ3 ಅಂತ ನಂಬರು. ಕೆಲವು ಹೆಸರಿನ ಮುಂದೆ ಈಮೇಲಿನಲ್ಲಿ ಹಾಕುತ್ತೀವಲ್ಲ, ಆ ಅಟ್ ಗುರುತು ಇರುತ್ತದೆ. ಅದಕ್ಕೂ ಈಮೇಲಿಗೂ ಸಂಬಂಧ ಇಲ್ಲ. 'ಉರ್ಫ್' ಅಂತ ಅರ್ಥ. ಗುರುತಿನ ಆಚೆ ಅಡ್ಡಹೆಸರು. ಕುಳ್ಳ, ಕರಿಯ, ಮಚ್ಚ, ಬುಲೆಟ್, ಸೈಲೆಂಟ್, ಹೀಗೆ. ಈ ಹೆಸರನ್ನು ಅವರವರೇ ಇಟ್ಟುಕೊಂಡಿದ್ದು ಕಮ್ಮಿ. ಓಣಿಯವರು ಇಟ್ಟದ್ದು, ಜೊತೆಯವರು ಇಟ್ಟದ್ದು, ಎಷ್ಟೋ ಸಲ ಠಾಣೆಯಲ್ಲೇ ಇಟ್ಟದ್ದು. ಹೆಸರಿನ ಜೊತೆ ಆ ಗುರುತು ಒಮ್ಮೆ ಕೂತರೆ ಮುಗಿಯಿತು, ಎಲ್ಲ ಕಾಗದದಲ್ಲೂ ಹಿಂದೆಯೇ ಬರುತ್ತದೆ. ಆದರೆ ಅದೇ ಪಟ್ಟಿಯಲ್ಲಿ ದುಡ್ಡು ಕೊಟ್ಟವನ ಹೆಸರು ಸಿಕ್ಕಾಗ ನೋಡಿ. ತಂದೆ ಹೆಸರು, ವಯಸ್ಸು, 'ಉದ್ಯೋಗ: ವ್ಯಾಪಾರ'. ಅಷ್ಟೇ. ಅಟ್ ಗುರುತು ಇರೋದೇ ಇಲ್ಲ.

ದುಡ್ಡು ಕೊಡುವುದು ಅಂದಮೇಲೆ ಸುಪಾರಿಗೆ ಬರಲೇಬೇಕು. ಸುಪಾರಿ ಅಂದರೆ ಅಡಿಕೆ ಅಂತ ಎಲ್ಲರಿಗೂ ಗೊತ್ತು. ಮುಂಬೈ ಕಡೆಯ ಭೂಗತ ಲೋಕದಿಂದ ನಮ್ಮ ಪೇಪರುಗಳಿಗೆ ಬಂದ ಮಾತು. ಈಗ ಅದು ಎಷ್ಟು ಒಗ್ಗಿಹೋಗಿದೆ ಅಂದರೆ ಕಿರಾಣಿ ಅಂಗಡಿಯಲ್ಲಿ ಸುಪಾರಿ ಕೊಡಿ ಅಂದವನನ್ನು ಪಕ್ಕದವನು ತಿರುಗಿ ನೋಡುತ್ತಾನೆ.

ಆದರೆ ಅಡಿಕೆಗೂ ಕೊಲ್ಲುವ ಕೆಲಸಕ್ಕೂ ನಂಟು ಮುಂಬೈಯಲ್ಲೇ ಶುರುವಾಗಿದ್ದಲ್ಲ. ನಮ್ಮಲ್ಲಿ ರಣವೀಳ್ಯ ಅಂತ ಹಳೆಯ ಮಾತೇ ಇದೆ. ಯುದ್ಧಕ್ಕೆ ಹೊರಡುವವನಿಗೆ ರಾಜ ಎಲೆ ಅಡಿಕೆ ಕೊಡುವುದು. ಎಲೆ ಅಡಿಕೆ ಹಿಡಿದರೆ ಮಾತು ಕೊಟ್ಟಂತೆ. ಮದುವೆ ನಿಶ್ಚಯದಲ್ಲೂ ಹಾಗೇ, ಹೊಲದ ವ್ಯವಹಾರದಲ್ಲೂ ಹಾಗೇ. ಹಿಡಿದ ಮೇಲೆ ಹಿಂದೆ ಸರಿಯುವ ಹಾಗಿಲ್ಲ.

ಹಾಗಾದರೆ ಎರಡಕ್ಕೂ ಏನು ವ್ಯತ್ಯಾಸ? ರಣವೀಳ್ಯವನ್ನು ತುಂಬಿದ ಸಭೆಯಲ್ಲಿ ಕೊಡುತ್ತಿದ್ದರು. ಕೊಟ್ಟವರು ಯಾರು, ತಗೊಂಡವರು ಯಾರು, ಯಾರ ಮೇಲೆ ಹೊರಟಿದ್ದಾರೆ, ಎಲ್ಲ ಊರಿಗೇ ಗೊತ್ತು. ಗೆದ್ದರೆ ರಾಜನ ಗೆಲುವು, ಸೋತರೆ ರಾಜನ ಸೋಲು. ಸುಪಾರಿಯಲ್ಲಿ ಅದು ಪೂರ್ತಿ ತಲೆಕೆಳಗು. ಅಲ್ಲಿ ಕೊಡುವ ದುಡ್ಡಿನಲ್ಲಿ ಅರ್ಧ ಕೆಲಸಕ್ಕೆ, ಇನ್ನರ್ಧ ಬಾಯಿ ಮುಚ್ಚಿಕೊಂಡಿರುವುದಕ್ಕೆ. ಕೊಟ್ಟವನ ಹೆಸರು ಹೊರಗೆ ಬರಬಾರದು, ಅದೇ ವ್ಯವಹಾರದ ಜೀವ. ನಮ್ಮ ಸುದ್ದಿಗಳೂ ಅವನಿಗೆ ಸಹಾಯ ಮಾಡುತ್ತವೆ ನೋಡಿ. 'ಸುಪಾರಿ ಹಂತಕರ ಬಂಧನ' ಅಂತ ದಪ್ಪ ಅಕ್ಷರ. ಸುಪಾರಿ ಕೊಟ್ಟವನು ಮೂರನೇ ಪ್ಯಾರಾದಲ್ಲಿ 'ಎನ್ನಲಾಗಿದೆ' ಜೊತೆಗೆ ಬರುತ್ತಾನೆ.

ಕಾನೂನು ಈ ವಿಷಯದಲ್ಲಿ ನಮ್ಮ ಆಡುಮಾತಿಗಿಂತ ನಿಚ್ಚಳವಾಗಿದೆ. 1860ರ ದಂಡ ಸಂಹಿತೆಯ 150ನೇ ಕಲಂ ಬರೀ ಇದಕ್ಕಂತಲೇ ಇತ್ತು. ಕೂಲಿ ಕೊಟ್ಟು ಜನರನ್ನು ಕಾನೂನುಬಾಹಿರ ಗುಂಪಿಗೆ ಸೇರಿಸಿದವನು, ತಾನು ಅಲ್ಲಿ ಇಲ್ಲದಿದ್ದರೂ, ಆ ಗುಂಪಿನವನಷ್ಟೇ ತಪ್ಪಿತಸ್ಥ. ಕೂಲಿ ತಗೊಂಡು ಹೋದವನಿಗೆ ಬೇರೆ ಕಲಂ, 158. ಕುಮ್ಮಕ್ಕು ಕೊಟ್ಟು ಕೊಲೆ ಮಾಡಿಸಿದವನಿಗೆ ಕೊಂದವನಷ್ಟೇ ಶಿಕ್ಷೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆಯಲ್ಲ, ಅದರ 111ನೇ ಕಲಮಿನಲ್ಲಿ ಸಂಘಟಿತ ಅಪರಾಧದ ಪಟ್ಟಿಯೊಳಗೆ ಸುಪಾರಿ ಕೊಲೆಯನ್ನೂ ಸೇರಿಸಿದ್ದಾರೆ. ಅಂದರೆ ಬ್ರಿಟಿಷರ ಕಾಲದಿಂದ ಪುಸ್ತಕದಲ್ಲಿ ಇಬ್ಬರೂ ಇದ್ದಾರೆ. ನಮ್ಮ ಬಾಯಲ್ಲಿ ಮಾತ್ರ ಒಬ್ಬನೇ.

ರೌಡಿ ಮಾತು ಇಂಗ್ಲಿಷಿನದು, 19ನೇ ಶತಮಾನದ ಶುರುವಿನಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಅಲ್ಲಿ ಅದು ಈಗ ಗಲಾಟೆ ಮಾಡುವ ಹುಡುಗರಿಗೆ ಅನ್ನುವ ಮಾತು. ನಮ್ಮಲ್ಲಿ ಅದಕ್ಕೆ ಸರ್ಕಾರಿ ಪದವಿ ಸಿಕ್ಕಿದೆ. ಠಾಣೆಯಲ್ಲಿ ರೌಡಿ ಶೀಟ್ ತೆರೆದರೆ ಅವನು ರೌಡಿ ಶೀಟರ್. ಚುನಾವಣೆ ಬಂದರೆ, ಗಣೇಶನ ಹಬ್ಬ ಬಂದರೆ ಪರೇಡ್. ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಎಸ್ಪಿ ಸಾಹೇಬರು ಎಚ್ಚರಿಕೆ ಕೊಡುವ ಫೋಟೋ ಪೇಪರಿನಲ್ಲಿ ನೋಡಿರುತ್ತೀರಿ. ಆ ಸಾಲಿನಲ್ಲಿ ತಲೆ ನರೆತ, ಮೊಣಕಾಲು ನೋವಿನವರೂ ಇರುತ್ತಾರೆ. ಶೀಟ್ ತೆರೆದಷ್ಟು ಸುಲಭವಾಗಿ ಮುಚ್ಚುವುದಿಲ್ಲ. ಅವರನ್ನು ಒಂದು ಕಾಲದಲ್ಲಿ ಮತಗಟ್ಟೆ ಮುಂದೆ ನಿಲ್ಲಿಸಿದವರು ಯಾರು ಅನ್ನೋದಕ್ಕೆ ಶೀಟೂ ಇಲ್ಲ, ಪರೇಡೂ ಇಲ್ಲ.

ಗೂಂಡಾ ಮಾತಿಗೂ 1985ರಲ್ಲಿ ಕರ್ನಾಟಕದಲ್ಲಿ ಕಾಯ್ದೆಯೇ ಬಂತು. ಗೂಂಡಾ ಕಾಯ್ದೆ ಅಂತ ಕರೆಯುತ್ತೇವಲ್ಲ, ಅದೇ. ವಿಚಾರಣೆ ಇಲ್ಲದೆ 12 ತಿಂಗಳವರೆಗೆ ಒಳಗಿಡಬಹುದು. ಅದರಲ್ಲಿ ಗೂಂಡಾ ಅಂದರೆ ಯಾರು ಅಂತ ಹೇಳುವಾಗ ಗುಂಪಿನ ಸದಸ್ಯ, ಗುಂಪಿನ ನಾಯಕ, ಕುಮ್ಮಕ್ಕು ಕೊಟ್ಟವನು, ಎಲ್ಲರನ್ನೂ ಸೇರಿಸಿದ್ದಾರೆ. ಕಾಗದದಲ್ಲಿ.

ಒಂದು ಮಾತು ಪಕ್ಕಕ್ಕೆ ಹೇಳಿಬಿಡುತ್ತೇನೆ. ಇಂಗ್ಲಿಷಿನ 'ಗೂನ್' ನಮ್ಮ ಗೂಂಡಾದಿಂದ ಹೋದದ್ದು ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲ. 1930ರ ದಶಕದಲ್ಲಿ ಅಮೆರಿಕದ ಪಾಪಾಯ್ ಕಾರ್ಟೂನಿನಲ್ಲಿ ಬಂದ ಒಂದು ದೈತ್ಯ ಪಾತ್ರದಿಂದ ಅದು ಜನಪ್ರಿಯವಾಯಿತು. ಆಮೇಲೆ ಮುಷ್ಕರ ಮುರಿಯಲು ಮಾಲೀಕರು ತರಿಸುತ್ತಿದ್ದ ಹೊಡೆದಾಟದವರಿಗೆ ಆ ಹೆಸರು ಅಂಟಿತು. ನಮ್ಮಿಂದ ನಿಜವಾಗಿ ಹೋದ ಮಾತು ಥಗ್. ಅಲ್ಲಿ 'ಹ್ಯಾಚೆಟ್ ಮ್ಯಾನ್' ಅಂತ ಇನ್ನೊಂದಿದೆ, ಕೈಗೊಡಲಿಯವನು. 19ನೇ ಶತಮಾನದಲ್ಲಿ ಅಮೆರಿಕದ ಚೀನೀ ಕೇರಿಗಳ ಬಾಡಿಗೆ ಕೊಲೆಗಾರರಿಗೆ ಇದ್ದ ಹೆಸರು. ಈಗ ಸೂಟು ಹಾಕಿಕೊಂಡು ಬಂದು ನೂರಾರು ಜನರನ್ನು ಕೆಲಸದಿಂದ ತೆಗೆಯುವ ಅಧಿಕಾರಿಗೆ ಹೇಳುತ್ತಾರೆ. ಅಲ್ಲೂ ಕೊಡಲಿಗೆ ಹೆಸರು, ಕೊಡಲಿ ಕೊಟ್ಟ ಕಂಪನಿಗೆ ಇಲ್ಲ. ಇದು ನಮ್ಮೊಬ್ಬರ ಕಾಯಿಲೆ ಅಲ್ಲ ಅನ್ನೋದು ಸಮಾಧಾನವೋ ಏನೋ.

ನನ್ನ ಪ್ರಕಾರ ಈ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವ ಮಾತುಗಳು ಮಚ್ಚು ಲಾಂಗಿನ ಮಾತುಗಳಲ್ಲ. ತೀರಾ ಮೆತ್ತನೆಯವು. 'ಹುಡುಗರು'. 'ಮಂದಿ'. 'ನಮ್ ಹುಡುಗ್ರನ್ನ ಕಳಿಸ್ತೀನಿ ತಡಿ' ಅಂದರೆ ಮದುವೆ ಮನೆಗೆ ಪಾತ್ರೆ ಹೊರಲು ಕಳಿಸುತ್ತಾರೆ ಅಂತ ಯಾರಾದರೂ ಅಂದುಕೊಳ್ಳುತ್ತಾರಾ? 'ಮಂದಿ ಕರ್ಕೊಂಡ್ ಬರ್ತೀನಿ' ಅನ್ನೋದೂ ಅಷ್ಟೇ. ಈ ಮಾತುಗಳಲ್ಲಿ ಏನೂ ಇಲ್ಲ. ಕೇಸು ಹಾಕಿದರೆ ನಾಳೆ ಸಾಹೇಬರ ಮುಂದೆ ನಿಂತು 'ಹುಡುಗರು ಅಂದೆ ಸ್ವಾಮಿ, ಬೇರೇನಂದೆ?' ಅನ್ನಬಹುದು. ಅಂದಿದ್ದನ್ನು ನಾನೇ ಕೇಳಿದ್ದೇನೆ.

ಈಗಿನ ಹುಡುಗರು ಬೇರೆ ಥರ. ಅವರನ್ನು ಹಳ್ಳಿಯಲ್ಲಿ ಸೀಜಿಂಗ್‌ನವರು ಅಂತಾರೆ, ಫೈನಾನ್ಸ್‌ನವರು ಅಂತಾರೆ. ಒಮ್ಮೆ ಕೊಪ್ಪಳ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಕಕ್ಷಿದಾರರ ಮನೆ ಕಟ್ಟೆಯ ಮೇಲೆ ಕೂತಿದ್ದೆ. ಬೈಕಿನ ಮೇಲೆ ಇಬ್ಬರು ಬಂದರು. ಒಬ್ಬನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಹೆಗಲಿಗೆ ಬ್ಯಾಗು, ಕುತ್ತಿಗೆಗೆ ಗುರುತಿನ ಚೀಟಿ, ಆದರೆ ಚೀಟಿ ಹಿಂದುಮುಂದಾಗಿ ತಿರುಗಿತ್ತು. ಟ್ರ್ಯಾಕ್ಟರಿನ ಕಂತು ನಿಂತಿತ್ತು. ಬಂದವನು ಮೊದಲು ಟ್ರ್ಯಾಕ್ಟರಿನ ನಂಬರ್ ಪ್ಲೇಟಿನ ಫೋಟೋ ತೆಗೆದ. ಆಮೇಲೆ ಮನೆಯ ಫೋಟೋ. ಆಮೇಲೆ ನಮಸ್ಕಾರ ಹಾಕಿದ.

'ಯಜಮಾನ್ರೇ, ಇವತ್ತು ಒಂದ್ ಕಂತಾದ್ರೂ ಕಟ್ರೀ. ಇಲ್ಲಾಂದ್ರ ಗಾಡಿ ಒಯ್ಯಾಕ ಹೇಳ್ಯಾರ.'

'ಯಾರು ಹೇಳ್ಯಾರಪಾ?'

'ಆಫೀಸಿಂದರೀ.'

'ಆಫೀಸಿನ್ಯಾಗ ಯಾರು? ಹೆಸರು ಹೇಳು.'

ಹುಡುಗ ಫೋನು ನೋಡಿದ. ಜೊತೆಗಾರನ ಮುಖ ನೋಡಿದ. 'ಮೇಲಿನವ್ರು' ಅಂದ.

ಯಜಮಾನರು ಬಿಡಲಿಲ್ಲ. ಮೇಲಿನವರು ಅಂದರೆ ಯಾರು, ಯಾವ ಊರಿನವರು, ಫೋನು ಹಚ್ಚಿಕೊಡು ಅಂದರು. ಹುಡುಗ ಹಚ್ಚಿದ. ಅತ್ತ ಕಡೆ ಹೊಸಪೇಟೆಯಲ್ಲಿ ಕೂತ ಇನ್ನೊಬ್ಬ. ಅವನೂ 'ಮೇಲಿಂದ ಪ್ರೆಶರ್ ಐತ್ರೀ' ಅಂದ. ಹೀಗೆ ಎಷ್ಟು ಮೇಲೆ ಹೋದರೂ ಅದಕ್ಕಿಂತ ಮೇಲೆ ಇನ್ನೊಬ್ಬರು. ಕೊನೆಗೆ ಒಳಗಿನಿಂದ ಅಜ್ಜಿ ಒಂದು ಚೊಂಬು ನೀರು ತಂದು ಆ ಹುಡುಗನಿಗೆ ಕೊಟ್ಟರು. ಕುಡಿದ. 'ಸಂಜೀತನ ಇಲ್ಲೇ ಕುಂದ್ರು ಅಂದಾರ್ರೀ ಅವ್ವಾ, ನಾ ಏನ್ ಮಾಡ್ಲಿ' ಅಂದ. ಅವನ ಸಂಬಳ ವಸೂಲಿಯ ಮೇಲೆ, ಪೆಟ್ರೋಲೂ ಅವನದೇ. ಮನೆಯವರು ಅವನಿಗೆ ಬೈದಿದ್ದು ಮಾತ್ರ ನಾನು ಇಲ್ಲಿ ಹೇಳಲಾರೆ, ಹೆಣ್ಣುಮಕ್ಕಳು ಕೂತಿದ್ದಾರೆ.

ಮಾಡಿಸಿದವರಿಗೆ ಕನ್ನಡದಲ್ಲಿ ಇರುವ ಒಂದೇ ಹೆಸರು ಅಂದರೆ ಬಹುಶಃ ಇದೇ ಇರಬೇಕು, 'ಮೇಲಿನವರು'. ದೇವರಿಗೂ ಅದನ್ನೇ ಅನ್ನುತ್ತೇವೆ.

ಹಿಂದೆ ಹೀಗಿರಲಿಲ್ಲ ಅಂತ ಹೇಳೋದಕ್ಕೆ ನನಗೆ ಧೈರ್ಯ ಇಲ್ಲ. ಆದರೆ ಯಾರ ಆಳು ಯಾರು ಅನ್ನೋದು ಹೆಚ್ಚು ಕಮ್ಮಿ ಬಹಿರಂಗವಾಗಿತ್ತು. ಊರಿಗೆ ತಳವಾರ ಇದ್ದ, ವಾಲಿಕಾರ ಇದ್ದ. ಕಳ್ಳನನ್ನು ಹಿಡಿಯುವುದು, ಕಂದಾಯಕ್ಕೆ ಕರೆಯುವುದು, ಹೆಣ ಕಾಯುವುದು, ಯಾರಿಗೂ ಬೇಡವಾದ ಕೆಲಸವೆಲ್ಲ ಅವರದು. ಅದಕ್ಕೆ ಊರಿನ ಹೊಲ, ಊರಿನ ಕಾಳು. 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪ ಕಂಪನಿಯ ಕೈಗೆ ಬಂದಾಗ ಥಾಮಸ್ ಮನ್ರೋ ಇಲ್ಲಿ ಕಲೆಕ್ಟರ್ ಆಗಿ ಬಂದ. ಆಗ ಈ ಸೀಮೆಯಲ್ಲಿ ಸುಮಾರು 80 ಪಾಳೆಯಗಾರರು. ಅವರ ಕೈಕೆಳಗೆ ಕಟ್ಟುಬಡಿ ಬಂಟರು, ಅಂದರೆ ಹೊಲ ಪಡೆದು ಅದಕ್ಕೆ ಬದಲಾಗಿ ಕತ್ತಿ ಹಿಡಿಯುವವರು. ಇಂಥವನು ಇಂಥ ಪಾಳೆಯಗಾರನ ಆಳು ಅಂತ ದಾರಿಹೋಕನಿಗೂ ಗೊತ್ತು. ಮನ್ರೋ ಹಿಡಿದದ್ದೂ ಪಾಳೆಯಗಾರರನ್ನೇ. ಕೆಲವರಿಗೆ ಪಿಂಚಣಿ, ಕೆಲವರಿಗೆ ಜೈಲು. ಕಂಪನಿ ಒಳ್ಳೆಯದು ಅಂತ ಹೇಳುತ್ತಿಲ್ಲ. ಯಾರನ್ನು ಹಿಡಿಯಬೇಕು ಅಂತ ಅದಕ್ಕೆ ಗೊತ್ತಿತ್ತು, ಅಷ್ಟೇ.

ರಾಯಚೂರು, ಕೊಪ್ಪಳದವರು ಇಲ್ಲಿ ಕೂತಿದ್ದೀರಿ, ರಜಾಕಾರರ ಹೆಸರು ಎತ್ತದೆ ಬಿಟ್ಟರೆ ನೀವು ಬಿಡೋದಿಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದ ಪರವಾಗಿ ನಿಂತ ಖಾಸಗಿ ಪಡೆಯವರು ಅವರು. ಆ ಮಾತಿಗೆ ಸ್ವಯಂಸೇವಕ ಅಂತ ಅರ್ಥ. ಕೂಲಿಯವರು ಅಲ್ಲ. ಆದರೆ ಹಳ್ಳಿ ಸುಟ್ಟವರು, ಲೂಟಿ ಮಾಡಿದವರು ಅಂತಲೇ ನಮ್ಮ ಮುದುಕರ ನೆನಪಿನಲ್ಲಿ ಉಳಿದರು. 1948ರ ಸೆಪ್ಟೆಂಬರಿನಲ್ಲಿ ಸೇನೆ ಬಂದು ಹೈದರಾಬಾದ್ ಸಂಸ್ಥಾನ ಮುಗಿಯಿತು. ಆಮೇಲೆ ರಜಾಕಾರನೇ ಅಲ್ಲದ ಎಷ್ಟೋ ಮುಸ್ಲಿಂ ಕುಟುಂಬಗಳು ಆ ಹೆಸರಿನ ಬೆಲೆ ತೆತ್ತವು, ಅದನ್ನೂ ಹೇಳಬೇಕು. ರಜಾಕಾರರ ನಾಯಕ ಖಾಸಿಂ ರಜ್ವಿ 1957ರವರೆಗೆ ಜೈಲಿನಲ್ಲಿದ್ದ. ಅವರನ್ನು ತಡೆಯದೆ ಬಿಟ್ಟ ಸರ್ಕಾರ ಯಾರ ಹೆಸರಿನಲ್ಲಿ ನಡೆಯುತ್ತಿತ್ತೋ ಆ ನಿಜಾಮರು 1950ರಿಂದ 1956ರವರೆಗೆ ಅದೇ ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದರು. ನಮ್ಮ ಕಡೆ ಹಠಮಾರಿ ಮಕ್ಕಳಿಗೆ 'ರಜಾಕಾರ' ಅಂತ ಬಯ್ಯುವುದುಂಟು. ನಿಜಾಮ ಅಂದರೆ? ಅದು ಶ್ರೀಮಂತಿಕೆಗೆ ಕೊಡುವ ಹೋಲಿಕೆ.

ಬಳ್ಳಾರಿಯಲ್ಲಿ ನಿಂತು ಗಣಿ ಬಿಟ್ಟು ಮಾತಾಡಿದರೆ ತಪ್ಪಾಗುತ್ತದೆ. ಸುಮ್ನೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. 16,085 ಕೋಟಿ ರೂಪಾಯಿ ನಷ್ಟ ಅಂತ ಲೆಕ್ಕ. ಅದರಲ್ಲಿ 'ಝೀರೋ ರಿಸ್ಕ್' ಅನ್ನೋ ಮಾತು ಬರುತ್ತದೆ. ದುಡ್ಡು ಕಟ್ಟಿದರೆ ನಿಮ್ಮ ಅದಿರಿನ ಲಾರಿಯನ್ನು ಯಾವ ಚೆಕ್‌ಪೋಸ್ಟಿನಲ್ಲೂ ಯಾರೂ ಮುಟ್ಟುವುದಿಲ್ಲ, ಅದು ಝೀರೋ ರಿಸ್ಕ್. ಲಾರಿ ಬಿಡಿಸುವವನು, ಪರ್ಮಿಟ್ ಹೊಂದಿಸುವವನು, ರಾತ್ರಿ ರಸ್ತೆ ಕಾಯುವವನು, ಇವರೆಲ್ಲರ ರಿಸ್ಕು ಒಂದಿಷ್ಟೂ ಝೀರೋ ಆಗಿರಲಿಲ್ಲ. ಯಾರ ರಿಸ್ಕು ಝೀರೋ ಅಂತ ಹೇಳಬೇಕಾಗಿಲ್ಲ. ಧಣಿ ಅನ್ನೋ ಹಳೆಯ ಮಾತು ಈ ಊರಿನಲ್ಲಿ ಆ ಕಾಲದಲ್ಲಿ ಹೇಗೆ ಚಿಗುರಿತು ಅನ್ನೋದನ್ನು ನೀವೇ ಕಣ್ಣಾರೆ ನೋಡಿದ್ದೀರಿ.

ಕ್ರೂರ ಕೆಲಸದ ಮಾತಾಯಿತು. ಕ್ರೂರ ಅಲ್ಲ, ಬರೀ ಎಲ್ಲರಿಗೂ ಬೇಡವಾದ ಕೆಲಸ ಅಂತ ಇರುತ್ತದಲ್ಲ? ತುಂಗಭದ್ರಾ ಎಡದಂಡೆ ಕಾಲುವೆಯ ಗ್ಯಾಂಗ್‌ಮನ್‌ನನ್ನು ತಗೊಳ್ಳಿ. ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನ ತನಕ ಹೋಗುತ್ತದೆ. ಮೇಲಿನ ಭಾಗದಲ್ಲಿ ಭತ್ತಕ್ಕೆ ನೀರು ನಿಂತಿರುತ್ತದೆ, ಕೊನೆ ಭಾಗದಲ್ಲಿ ಜೋಳ, ಹತ್ತಿ ಒಣಗುತ್ತಿರುತ್ತದೆ. ವಾರಬಂದಿ, ಅಂದರೆ ಸರದಿಯ ಮೇಲೆ ನೀರು ಬಿಡುವ ಪದ್ಧತಿ, ಹಾಕುತ್ತಾರೆ. ಜಾಸ್ತಿ ಗಲಾಟೆಯಾದರೆ ಕಾಲುವೆ ದಂಡೆಗೆ ನಿಷೇಧಾಜ್ಞೆ. ರಾತ್ರಿ ಹೋಗಿ ತೂಬಿನ ಗೇಟು ಇಳಿಸಬೇಕಾದವನು ಗ್ಯಾಂಗ್‌ಮನ್. ಅವನ ಹೊಲವೂ ಅದೇ ಊರಿನಲ್ಲಿರುತ್ತದೆ, ಗೇಟು ಎತ್ತು ಅನ್ನುವವನು ಅವನ ಮಾವನೋ ಕಾಕನೋ ಆಗಿರುತ್ತಾನೆ. ಇಳಿಸಿದರೆ ಇವರು ಹೊಡೆಯುತ್ತಾರೆ, ಇಳಿಸದಿದ್ದರೆ ಇಂಜಿನಿಯರ್ ಕೆಲಸದಿಂದ ತೆಗೆಯುತ್ತಾರೆ. ಕಾಲುವೆ ಮೇಲೆ ಬಹಳ ಜನ ಹಂಗಾಮಿಗಳು, ಗುತ್ತಿಗೆಯವರು. ಸಂಬಳಕ್ಕಾಗಿ ಅವರೇ ಆಗಾಗ ಧರಣಿ ಕೂರುತ್ತಾರೆ. ಕೊನೆ ಭಾಗಕ್ಕೆ ನೀರು ಮುಟ್ಟಲಿಲ್ಲ ಅಂದರೆ 'ಗ್ಯಾಂಗ್‌ಮನ್‌ಗಳು ದುಡ್ಡು ತಿಂದರು' ಅಂತಾರೆ. ಕೆಲವರು ತಿಂದಿರಲೂಬಹುದು. ಆದರೆ ಮಿತ ನೀರಾವರಿ, ಅಂದರೆ ಕಮ್ಮಿ ನೀರಿನ ಬೆಳೆಗೆ ಮಾತ್ರ, ಅಂತ ಗೊತ್ತು ಮಾಡಿದ ಜಮೀನಿನಲ್ಲಿ ಇಷ್ಟು ವರ್ಷ ಭತ್ತ ಬೆಳೆಯಲು ಬಿಟ್ಟದ್ದು ಗ್ಯಾಂಗ್‌ಮನ್ ಅಲ್ಲವಲ್ಲ.

ಇದಕ್ಕಿಂತ ಕೆಟ್ಟದ್ದು ಚರಂಡಿಯ ಕೆಲಸ. ಅಲ್ಲಿ ಹೆಸರು ಬದಲಾಯಿತು. ಜಾಡಮಾಲಿ ಅನ್ನುತ್ತಿದ್ದ ಕಡೆ ಪೌರಕಾರ್ಮಿಕ ಅಂದೆವು. ಒಳ್ಳೆಯದೇ. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಲ್ಲಿಸಲು ಹೊರಟಾಗ ಎಷ್ಟು ಜನ ಗೊಣಗಿದರು ಅನ್ನೋದು ಹಿರಿಯರಿಗೆ ನೆನಪಿರಬೇಕು. ನನಗೆ ಇಷ್ಟವಾದದ್ದು 2013ರ ಕೇಂದ್ರ ಕಾಯ್ದೆ. ಅದು ಮ್ಯಾನ್‌ಹೋಲಿಗೆ ಇಳಿದವನನ್ನು ಕೇಳುವುದಿಲ್ಲ, ಇಳಿಸಿದವನನ್ನು ಹಿಡಿಯುತ್ತದೆ. ರಕ್ಷಣೆ ಇಲ್ಲದೆ ಒಳಚರಂಡಿಗೆ ಇಳಿಸಿದರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂದಿತು. ಆದರೂ ಸಾವಿನ ಸುದ್ದಿ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ 'ಕುಡಿದಿದ್ದನಾ?' ಅಂತ.

ಮತ್ತೆ ಸಾಲಕ್ಕೇ ಬರುತ್ತೇನೆ. ಈ ಸೀಮೆಯಲ್ಲಿ ಈಗ ಎಲ್ಲಕ್ಕಿಂತ ಹೆಚ್ಚು ಬೈಸಿಕೊಳ್ಳುವ ಆಳು ವಸೂಲಿಯವನು. ಮೀಟರ್ ಬಡ್ಡಿಯವರ ಕಾಲದಲ್ಲಿ ದಾದಾಗಳು ಬರುತ್ತಿದ್ದರು. ಅವರಿಗಾಗಿ 2004ರಲ್ಲಿ ವಿಪರೀತ ಬಡ್ಡಿ ನಿಷೇಧ ಕಾಯ್ದೆ ಬಂತು. ಬ್ಯಾಂಕುಗಳೂ ತೋಳ್ಬಲದವರನ್ನು ಇಟ್ಟುಕೊಂಡು ವಸೂಲಿ ಮಾಡಬಾರದು ಅಂತ ಸುಪ್ರೀಂ ಕೋರ್ಟು 2007ರಲ್ಲೇ ಗದರಿತು. ಆಮೇಲೆ ಬಂದದ್ದು ಗುಂಪಿನ ಸಾಲ. ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಜಾಮೀನು. ಒಬ್ಬಳು ಕಟ್ಟದಿದ್ದರೆ ಉಳಿದವರು ಅವಳ ಮನೆ ಮುಂದೆ ಕೂರಬೇಕು. ನೋಡಿ ಎಂಥ ಜಾಣತನ! ಈಗ ಆಳು ಇಡುವ ಖರ್ಚೂ ಇಲ್ಲ. ಪಕ್ಕದ ಮನೆಯ ಅಕ್ಕನನ್ನೇ ವಸೂಲಿಗೆ ಕೂರಿಸಿದರು, ಅದೂ ಸಂಬಳ ಇಲ್ಲದೆ. ಅವಳಿಗೆ ಯಾವ ಹೆಸರಿಡುತ್ತೀರಿ?

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಬಲವಂತದ ವಸೂಲಿ ತಡೆಗೆ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಹಿಂಬಾಲಿಸುವುದು, ಮನೆಗೆ ಪದೇ ಪದೇ ಹೋಗಿ ಕೂರುವುದು, ಅಪರಾಧದ ಹಿನ್ನೆಲೆಯ ಹೊರಗಿನವರನ್ನು ಬಳಸಿ ಒತ್ತಾಯಿಸುವುದು, ಇವೆಲ್ಲ ಅದರಲ್ಲಿ ಬಲವಂತವೇ. ದೂರು ಬರೆಯುವಾಗ ಈ ಕೊನೆಯದನ್ನು ಮರೆಯಬೇಡಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಮಾತ್ರ ಇಲ್ಲಿ ಹಾಕುತ್ತೇನೆ.

ಒಬ್ಬ ಮೇಷ್ಟ್ರು ಕೇಳಿದರು: 'ಬಂಟ ಅನ್ನೋದು ಒಳ್ಳೆಯ ಮಾತಲ್ವಾ ಸರ್? ಹನುಮ ರಾಮನ ಬಂಟ ಅಂತೀವಿ.' ನಿಜ. ಅಲ್ಲಿ ರಾಮನ ಹೆಸರು ಮೊದಲೇ ಇದೆ, ಅದಕ್ಕೇ ಮಾತಿಗೆ ಮರ್ಯಾದೆ. 'ಬಾಡಿಗೆ ಬಂಟ' ಅಂದಾಗ ರಾಮ ಹೋದ, ಬಾಡಿಗೆ ಬಂತು. ಪೇಪರಿನವರ 'ಬಲಗೈ ಬಂಟ' ಎರಡರ ನಡುವೆ ಎಲ್ಲೋ ಇದ್ದಾನೆ. ಅವನು ಶಾಸಕನಾಗುವ ಸಾಧ್ಯತೆ ಜಾಸ್ತಿ ಅಂದೆ, ಎಲ್ಲರೂ ನಕ್ಕರು.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ಕೇಳಿದರು: 'ರಾತ್ರಿ ಎಂಟಕ್ಕ ಬಂದು ಕುಂದರ್ತಾರ್ರೀ. ಯಾರಿಗೆ ಹೇಳಬೇಕು?' ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ, ಕಿರುಸಾಲವಾದರೆ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನು ಕೂಡ ಮಾಡುವ ಹಾಗಿಲ್ಲ. 8ರಿಂದ 7ರ ಮಾತು 2022ರ ಆಗಸ್ಟಿನ ಸುತ್ತೋಲೆಯಲ್ಲಿ ಬಂದದ್ದು. ಏಜೆಂಟರು ಏನು ಮಾಡಿದರೂ ಅದಕ್ಕೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆ ಅಂತಲೂ ಇದೆ. ಬಂದವನ ಹತ್ತಿರ ಗುರುತಿನ ಚೀಟಿ ಮತ್ತು ಸಂಸ್ಥೆ ಕೊಟ್ಟ ಅಧಿಕಾರ ಪತ್ರ ಇರಬೇಕು. ಕೇಳಿ. ಇಲ್ಲ ಅಂದರೆ ಕಟ್ಟೆ ಮೇಲೂ ಕೂರಿಸಬೇಡಿ. ಇದ್ದರೆ ಅವನ ಮುಖದ ಫೋಟೋ ಬೇಡ, ಪತ್ರದ ಫೋಟೋ ತಗೊಳ್ಳಿ. ಕೆಳಗೆ ಸಹಿ ಹಾಕಿದವರ ಹೆಸರು, ಹುದ್ದೆ, ಕಚೇರಿ ವಿಳಾಸ ಇರುತ್ತದೆ. ಠಾಣೆಗೆ ಕೊಡುವ ದೂರಿನಲ್ಲಿ ಮೊದಲನೇ ಹೆಸರು ಅದೇ ಇರಲಿ. ಬಂದ ಹುಡುಗನ ಹೆಸರು ಎರಡನೆಯದು.